ಮೂಕಿ ಚಿತ್ರಗಳ ತಾರೆಯರಿಗೆ ಇಂದಿನ ಪಾಪ್ ಹಾಡು: ಹೊಂದಿಸುವಾಗ ಯಾವುದನ್ನು ಹಿಡಿದು ಹೋಗಬೇಕು?

ಪ್ರಶ್ನೆ

ನಮ್ಮ ಮನೆಯ ಮಹಡಿಯಲ್ಲಿ ತಿಂಗಳಿಗೊಮ್ಮೆ ಹತ್ತು ಹನ್ನೆರಡು ಮಂದಿ ಸ್ನೇಹಿತರು ಸೇರಿ ಹಳೆಯ ಚಿತ್ರಗಳನ್ನು ನೋಡುವ ರೂಢಿಯಿದೆ. ಮುಂದಿನ ಬಾರಿ ಮೂಕಿ ಯುಗದ ಮೂರು ನಾಲ್ಕು ತಾರೆಯರ ದೃಶ್ಯಗಳನ್ನು ಆರಿಸಿ, ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಪಾಪ್ ಹಾಡನ್ನು ಹೊಂದಿಸಿ ತೋರಿಸುತ್ತೇನೆಂದು ಮಾತು ಕೊಟ್ಟು ಸಿಕ್ಕಿಹಾಕಿಕೊಂಡಿದ್ದೇನೆ. ಅಂತರ್ಜಾಲದಲ್ಲಿ ಇಂಥ ಜೋಡಣೆಗಳನ್ನು ನೋಡಿದಾಗ ಸುಲಭವೆನಿಸಿತ್ತು. ಕುಳಿತು ಮಾಡತೊಡಗಿದ ಮೇಲೆ ಹಾಗಲ್ಲವೆಂದು ತಿಳಿಯಿತು.

ಮೊದಲು ಬಸ್ಟರ್ ಕೀಟನ್‌ನ 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' ಚಿತ್ರದಲ್ಲಿ, ಬಿರುಗಾಳಿಗೆ ಸಿಕ್ಕಿದ ಮನೆಯ ಮುಂಭಾಗದ ಗೋಡೆಯೇ ಅವನ ಮೇಲೆ ಬಿದ್ದು, ಅಟ್ಟದ ಕಿಟಕಿಯ ತೆರವು ಅವನು ನಿಂತ ಜಾಗಕ್ಕೆ ಸರಿಯಾಗಿ ಬಂದು ಅವನು ಉಳಿದುಕೊಳ್ಳುವ ಪ್ರಸಿದ್ಧ ದೃಶ್ಯಕ್ಕೆ, ಬೀ ಜೀಸ್ ತಂಡದ 'ಸ್ಟೇಯಿಂಗ್ ಅಲೈವ್' ಹಾಡನ್ನು ಹಾಕಿದೆ. ಹಾಡಿನ ಹೆಸರೇ ಬದುಕುಳಿಯುವುದನ್ನು ಹೇಳುತ್ತದೆಯಲ್ಲ ಎಂಬುದು ನನ್ನ ಲೆಕ್ಕ. ಮೊದಲ ಸಲ ನೋಡಿದವರು ನಕ್ಕರು, ಎರಡನೆಯ ಸಲ ಯಾರೂ ನಗಲಿಲ್ಲ. ಇಂಗ್ಲಿಷ್ ಬಾರದ ನನ್ನ ತಾಯಿ ಮಾತ್ರ ಮೊದಲ ಸಲವೇ, "ಹಾಡು ಓಡ್ತಾ ಇದೆ, ಆ ಮನುಷ್ಯ ಸುಮ್ಮನೆ ನಿಂತಿದ್ದಾನಲ್ಲ" ಎಂದರು. ಆ ಮಾತು ತಲೆಯಿಂದ ಹೋಗುತ್ತಿಲ್ಲ.

ಎರಡನೆಯದಾಗಿ, ಪಾಬ್ಸ್ಟ್ ನಿರ್ದೇಶಿಸಿದ 1929ರ 'ಪಂಡೋರಾಸ್ ಬಾಕ್ಸ್' ಚಿತ್ರದಲ್ಲಿ ಲುಲು ಪಾತ್ರದ ಲೂಯಿಸ್ ಬ್ರೂಕ್ಸ್ ಮದುವೆಯ ಔತಣದಲ್ಲಿ ನರ್ತಿಸುವ ಭಾಗಕ್ಕೆ ರಾಬಿನ್ ಅವರ 2010ರ 'ಡ್ಯಾನ್ಸಿಂಗ್ ಆನ್ ಮೈ ಓನ್' ಹಾಕಿ ನೋಡಿದೆ. ಹೊಂದಿದಂತೆಯೂ ಇದೆ, ಎಲ್ಲೋ ತಪ್ಪಿದಂತೆಯೂ ಇದೆ. ಹಾಡನ್ನು ಆರಿಸುವಾಗ ಸಾಹಿತ್ಯವನ್ನು ನೋಡಬೇಕೋ, ಲಯವನ್ನೋ, ತಾರೆಯ ಸ್ವಭಾವವನ್ನೋ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮ ತಾಯಿಯವರೇ ಉತ್ತರವನ್ನು ಹೇಳಿಬಿಟ್ಟಿದ್ದಾರೆ. ನಾನು ಅದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಅಷ್ಟೇ.

ಮಾತಿಲ್ಲದ ಚಿತ್ರದಲ್ಲಿ ನಟನ ಶರೀರವೇ ತಾಳ ಹಾಕುತ್ತಿರುತ್ತದೆ. ಪಾಪ್ ಹಾಡಿಗಾದರೋ ತನ್ನದೇ ತಾಳವಿದ್ದು, ಅದು ಮೊದಲಿನಿಂದ ಕೊನೆಯವರೆಗೆ ಗಡಿಯಾರದಂತೆ ನಡೆಯುತ್ತದೆ, ಯಾರಿಗಾಗಿಯೂ ಕಾಯುವುದಿಲ್ಲ. ಅಂದಿನ ಚಿತ್ರಮಂದಿರದಲ್ಲಿ ಪಿಯಾನೋ ಅಥವಾ ಆರ್ಗನ್ ನುಡಿಸುತ್ತಿದ್ದವನು ತೆರೆಯನ್ನು ನೋಡುತ್ತಲೇ ನುಡಿಸುತ್ತಿದ್ದ. ನಾಯಕ ತಡೆದು ನಿಂತರೆ ಅವನ ಬೆರಳೂ ತಡೆಯುತ್ತಿತ್ತು. ನಮ್ಮ ಯಕ್ಷಗಾನದಲ್ಲಿ ಮದ್ದಳೆಯವರು ವೇಷಧಾರಿಯ ಹೆಜ್ಜೆಯ ಮೇಲೆ ಕಣ್ಣಿಟ್ಟು ನುಡಿಸುವುದನ್ನು ನೆನೆದುಕೊಳ್ಳಿ. ಧ್ವನಿಮುದ್ರಿತ ಹಾಡನ್ನು ತಂದು ಕೂರಿಸಿದಾಗ ಈ ಸಂಬಂಧ ತಲೆಕೆಳಗಾಗಿ, ಕುಣಿಯುವವನು ಮದ್ದಳೆಯ ಹಿಂದೆ ಓಡಬೇಕಾಗುತ್ತದೆ. ಆದುದರಿಂದ ಆಯ್ದ ದೃಶ್ಯದಲ್ಲಿ ನಟನ ಚಲನೆ ತಾನಾಗಿಯೇ ಒಂದೇ ಕಾಲದಲ್ಲಿ ಸಾಗುತ್ತಿದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು.

ಗೋಡೆ ಬೀಳುವ ದೃಶ್ಯದಲ್ಲಿ ಅದು ಇಲ್ಲವೇ ಇಲ್ಲ. ಸುಮಾರು ಎರಡು ಟನ್ ತೂಕದ್ದೆಂದು ಹೇಳಲಾಗುವ ಆ ಗೋಡೆ ಸಾವಕಾಶವಾಗಿ ವಾಲುತ್ತದೆ, ಬೀಳುತ್ತದೆ, ಕೀಟನ್ ಅಲುಗುವುದಿಲ್ಲ. ಆಮೇಲೆ ಏನಾಯಿತೆಂದು ಸುತ್ತ ನೋಡಿ ಓಡುತ್ತಾನೆ. ದೃಶ್ಯದ ಜೀವವಿರುವುದು ಆ ಅಲುಗದ ಗಳಿಗೆಯಲ್ಲಿ. ಅದರ ಮೇಲೆ ನಿಮಿಷಕ್ಕೆ 103 ಬಡಿತಗಳ ಹಾಡನ್ನು ಎಡೆಬಿಡದೆ ಹರಿಸಿದರೆ, ಅವನ ನಿಶ್ಚಲತೆ ಹಾಡಿನಲ್ಲಿ ಬಿದ್ದ ತೂತಿನಂತೆ ಕಾಣುತ್ತದೆ.

ಕೀಟನ್‌ನೇ ಬೇಕೆಂದಿದ್ದರೆ 1925ರ 'ಸೆವೆನ್ ಚಾನ್ಸಸ್' ತೆಗೆದುಕೊಳ್ಳಿ. ಸಂಜೆ ಏಳು ಗಂಟೆಯೊಳಗೆ ಮದುವೆಯಾದರೆ ಆಸ್ತಿ ಕೈಸೇರುವುದೆಂಬ ಸುದ್ದಿ ಪತ್ರಿಕೆಯಲ್ಲಿ ಬಂದು, ನೂರಾರು ವಧುಗಳು ಅವನನ್ನು ಊರಿನ ಬೀದಿಗಳಲ್ಲೂ ಬಯಲಿನಲ್ಲೂ ಅಟ್ಟಿಸಿಕೊಂಡು ಬರುತ್ತಾರೆ. ಕೊನೆಗೆ ಗುಡ್ಡದ ಇಳಿಜಾರಿನಲ್ಲಿ ಬಂಡೆಗಳೂ ಅವನ ಬೆನ್ನು ಹತ್ತುತ್ತವೆ. (ಬಂಡೆಗಳ ಪ್ರಸಂಗ ಮೊದಲಿನ ಯೋಜನೆಯಲ್ಲಿ ಇರಲಿಲ್ಲ. ಪರೀಕ್ಷಾರ್ಥ ಪ್ರದರ್ಶನದಲ್ಲಿ, ಓಡುವಾಗ ಆಕಸ್ಮಿಕವಾಗಿ ಉರುಳಿದ ಕೆಲವು ಕಲ್ಲುಗಳನ್ನು ಕಂಡು ಜನ ನಕ್ಕರೆಂದು, ಮರಳಿ ಹೋಗಿ ಕೃತಕ ಬಂಡೆಗಳನ್ನು ಮಾಡಿಸಿ ಚಿತ್ರೀಕರಿಸಿದರು.) ಈ ಓಟಕ್ಕೆ ದಿ ವೀಕೆಂಡ್ ಅವರ 2019ರ 'ಬ್ಲೈಂಡಿಂಗ್ ಲೈಟ್ಸ್' ಹಾಕಿ ನೋಡಿ. ಅದರ ವೇಗ ನಿಮಿಷಕ್ಕೆ 171 ಬಡಿತ, ಅಂದರೆ ಹೆಚ್ಚುಕಡಿಮೆ ಓಡುವ ಮನುಷ್ಯನ ಹೆಜ್ಜೆಯ ವೇಗ. ಆ ಹಾಡಿನ ಸಾಹಿತ್ಯಕ್ಕೂ ವಧುಗಳಿಗೂ ಯಾವ ಸಂಬಂಧವೂ ಇಲ್ಲ. ಇಲ್ಲದಿರುವುದರಿಂದಲೇ ಅದು ಹತ್ತು ಸಲ ನೋಡಿದರೂ ಸವೆಯುವುದಿಲ್ಲ. ಹಾಡು ಎಷ್ಟು ಗಾಬರಿಯಿಂದ ಓಡಿದರೂ ಕೀಟನ್‌ನ ಮುಖ ಕಲ್ಲಿನಂತೆ ಇರುತ್ತದೆಯಲ್ಲ, ಆ ವಿರೋಧವನ್ನು ನೋಡುವುದೇ ಒಂದು ಸುಖ.

ಸಾಹಿತ್ಯವನ್ನು ನಂಬಿ ಮಾಡಿದ ಜೋಡಣೆ ಬೇಗ ಹಳಸುವುದಕ್ಕೆ ಕಾರಣವಿದೆ. ಮೂಕಿ ಚಿತ್ರದಲ್ಲಿ ಮಾತಿನ ಕೆಲಸವನ್ನು ನಡುವೆ ಬರುವ ಬರಹದ ಫಲಕಗಳು ಮಾಡುತ್ತವೆ, ಅದೂ ಜಿಪುಣತನದಿಂದ. ಹಾಡಿನ ಸಾಲು ದೃಶ್ಯವನ್ನೇ ವಿವರಿಸತೊಡಗಿದರೆ ಅದು ಎಡೆಬಿಡದ ಇನ್ನೊಂದು ಫಲಕವಾಗುತ್ತದೆ. ಕಣ್ಣಿಗೆ ಕಂಡದ್ದನ್ನೇ ಕಿವಿಯಲ್ಲಿ ಯಾರೋ ಓದಿ ಹೇಳಿದಂತೆ.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು. ಈ ವಾದವನ್ನು ಒಪ್ಪುತ್ತೇನೆ, ಆದರೆ ಒಂದು ಸಂಶಯವಿದೆ. ಓಟ, ಕುಣಿತಗಳಿಗೆ ಹೆಜ್ಜೆಯ ಲೆಕ್ಕ ಸರಿ. ಬರೀ ಮುಖವೇ ತೆರೆಯ ತುಂಬ ಇರುವ ದೃಶ್ಯದಲ್ಲಿ ಎಣಿಸುವುದಕ್ಕೆ ಹೆಜ್ಜೆ ಎಲ್ಲಿದೆ?

ಉತ್ತರ 2

ಮೊದಲ ಉತ್ತರವನ್ನು ಬರೆದವರ ಕಿವಿಯನ್ನು ಮೆಚ್ಚುತ್ತೇನೆ. ಆದರೆ ಸಾಹಿತ್ಯವನ್ನು ಅವರು ಅಷ್ಟು ಸುಲಭವಾಗಿ ಮನೆಯಿಂದ ಹೊರಗೆ ಹಾಕಬಾರದಿತ್ತು. ನಿಮ್ಮ ಎರಡನೆಯ ಪ್ರಯತ್ನವನ್ನೇ ನೋಡೋಣ. 'ಡ್ಯಾನ್ಸಿಂಗ್ ಆನ್ ಮೈ ಓನ್' ಹಾಡನ್ನು ಯಾರು ಹಾಡುತ್ತಿದ್ದಾರೆ? ತಾನು ಪ್ರೀತಿಸುವ ವ್ಯಕ್ತಿ ಬೇರೊಬ್ಬರೊಡನೆ ಇರುವುದನ್ನು ಮೂಲೆಯಲ್ಲಿ ನಿಂತು ನೋಡುತ್ತಿರುವ ಒಬ್ಬಂಟಿ. ಲುಲು ಎಂದಾದರೂ ಮೂಲೆಯಲ್ಲಿ ನಿಂತವಳೇ? ಎಲ್ಲರ ಕಣ್ಣೂ ಅವಳ ಮೇಲಿರುತ್ತದೆ. ಆ ಚಿತ್ರದಲ್ಲಿ ಅವಳನ್ನು ನೋಡುತ್ತ ಒಳಗೇ ಬೇಯುವವಳು ಆಲಿಸ್ ರಾಬರ್ಟ್ಸ್ ಅಭಿನಯಿಸಿದ ಕೌಂಟೆಸ್ ಗೆಶ್ವಿಟ್ಸ್. ನೀವು ಹಾಡನ್ನು ಬದಲಿಸಬೇಕಿಲ್ಲ, ಮುಖವನ್ನು ಬದಲಿಸಿ. ಕೌಂಟೆಸ್ ಲುಲುವನ್ನು ನೋಡುವ ತುಣುಕುಗಳ ಸುತ್ತ ಸಂಕಲನ ಮಾಡಿ, ಬ್ರೂಕ್ಸ್ ಅವಳ ನೋಟದೊಳಗೆ ಮಾತ್ರ ಬಂದು ಹೋಗಲಿ. ಎಲ್ಲೋ ತಪ್ಪಿದಂತಿದೆ ಎಂದು ನೀವು ಬರೆದದ್ದು ಇದನ್ನೇ ಇರಬೇಕು. ಸಾಹಿತ್ಯ ಕೆಡಿಸುವುದು ಘಟನೆಯನ್ನು ವಿವರಿಸಿದಾಗ. ಯಾರ ಕಣ್ಣಿನಿಂದ ನೋಡಬೇಕೆಂದು ತೋರಿಸಿಕೊಟ್ಟಾಗ ಅದು ಉಪಕಾರವನ್ನೇ ಮಾಡುತ್ತದೆ.

ಮುಖದ ಪ್ರಶ್ನೆಗೆ ಬರುತ್ತೇನೆ. ಡ್ರೈಯರ್ ಅವರ 1928ರ 'ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್' ಚಿತ್ರದ ಫಾಲ್ಕೊನೆಟ್ಟಿ ಅವರನ್ನು ತೆಗೆದುಕೊಳ್ಳಿ. ಬಣ್ಣ ಹಚ್ಚದ ಮುಖ, ಮೋಟುಗೂದಲು, ಕೊನೆಕೊನೆಗೆ ಅದನ್ನೂ ಕತ್ತರಿಸುವ ದೃಶ್ಯ, ಕ್ಯಾಮೆರಾ ಅತಿ ಸಮೀಪದಲ್ಲಿ. ಈಗ 1990ರ 'ನಥಿಂಗ್ ಕಂಪೇರ್ಸ್ ಟು ಯು' ಹಾಡಿನ ವಿಡಿಯೋವನ್ನು ನೆನಪಿಸಿಕೊಳ್ಳಿ: ಕಪ್ಪು ಹಿನ್ನೆಲೆ, ಬೋಳುತಲೆಯ ಶಿನೇಡ್ ಓಕಾನರ್, ತೆರೆಯ ತುಂಬ ಒಂದೇ ಮುಖ, ಕೆನ್ನೆಯ ಮೇಲೆ ಇಳಿಯುವ ಕಣ್ಣೀರು. ಆ ಹಾಡಿನ ನಡೆ ನಿಮಿಷಕ್ಕೆ ಸುಮಾರು 60 ಬಡಿತ, ವಿಳಂಬ ಕಾಲವೆನ್ನಿ. ಫಾಲ್ಕೊನೆಟ್ಟಿ ರೆಪ್ಪೆ ಮುಚ್ಚಿ ತೆರೆಯುವುದು, ನ್ಯಾಯಾಧೀಶರ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ಉಸಿರು ಹಿಡಿಯುವುದು, ಇವೇ ಅಲ್ಲಿ ಹೆಜ್ಜೆಗಳು. ಪ್ರಿಯನನ್ನು ಕಳೆದುಕೊಂಡವಳ ಹಾಡು ದೇವರಿಗಾಗಿ ಸಾಯಲು ಹೊರಟವಳ ಮುಖದ ಮೇಲೆ ಬಂದಾಗ ಅಪಚಾರವೆನಿಸಬೇಕಿತ್ತು; ನನಗಂತೂ ಎನಿಸಲಿಲ್ಲ. ವಿರಹವನ್ನು ಭಕ್ತಿಯ ಮಾತಾಗಿ ಕೇಳುವ ಅಭ್ಯಾಸ ಅಕ್ಕನ ವಚನಗಳಿಂದಲೇ ನಮಗಿರುವುದರಿಂದಲೋ ಏನೋ.

ಇದೇನೂ ಹೊಸ ಚೇಷ್ಟೆಯಲ್ಲ. ಜಾರ್ಜಿಯೋ ಮೊರೋಡರ್ 1984ರಲ್ಲಿ ಫ್ರಿಟ್ಸ್ ಲ್ಯಾಂಗ್ ಅವರ 'ಮೆಟ್ರೊಪೊಲಿಸ್' ಚಿತ್ರಕ್ಕೆ ಬಣ್ಣದ ಛಾಯೆ ಕೊಟ್ಟು, ಫಲಕಗಳ ಬದಲು ಅಡಿಬರಹ ಹಾಕಿ, ಫ್ರೆಡ್ಡಿ ಮರ್ಕ್ಯುರಿ, ಬಾನಿ ಟೈಲರ್, ಪ್ಯಾಟ್ ಬೆನಟಾರ್ ಮೊದಲಾದವರಿಂದ ಹಾಡಿಸಿ ಬಿಡುಗಡೆ ಮಾಡಿದರು. ಅಣಕಕ್ಕಾಗಿ ಕೊಡುವ ರಾಝಿ ಪ್ರಶಸ್ತಿಗೆ ಅದರ ಸಂಗೀತ ನಾಮನಿರ್ದೇಶನಗೊಂಡಿತ್ತು. ನನ್ನ ಮಟ್ಟಿಗೆ ಅದರಲ್ಲಿ ಗಾಯನವಿಲ್ಲದೆ ಬರೀ ಸಿಂಥಸೈಸರ್ ಯಂತ್ರಗಳ ಜೊತೆ ಮಿಡಿಯುವ ಭಾಗಗಳು ಇಂದಿಗೂ ನಿಲ್ಲುತ್ತವೆ. ಬ್ರಿಗಿಟ್ಟೆ ಹೆಲ್ಮ್ ಅವರ ಮುಖ ತೆರೆಯ ಮೇಲಿರುವಾಗ ಗಾಯಕರು ಬಾಯಿ ಹಾಕಿದೆಡೆ ಮಾತ್ರ ಕಿರಿಕಿರಿಯಾಗುತ್ತದೆ. ಇಷ್ಟರ ಮಟ್ಟಿಗೆ ಮೊದಲ ಉತ್ತರದವರು ಗೆದ್ದರು.

ಭಾರತದ ತಾರೆಯೊಬ್ಬರೂ ಇರಲೆಂದರೆ, ಫ್ರಾಂಜ್ ಓಸ್ಟೆನ್ ನಿರ್ದೇಶನದ 1929ರ 'ಎ ಥ್ರೋ ಆಫ್ ಡೈಸ್' ಚಿತ್ರದ ಸೀತಾದೇವಿ ಇದ್ದಾರೆ. ಮಹಾಭಾರತದ ಜೂಜಿನ ಪ್ರಸಂಗದ ಎಳೆಯ ಮೇಲೆ ಹೆಣೆದ ಕಥೆ. ನಿತಿನ್ ಸಾಹ್ನಿ ಅದಕ್ಕೆ ಈಗಾಗಲೇ ಹೊಸ ಸಂಗೀತ ರಚಿಸಿದ್ದಾರೆ. ಅದನ್ನು ಒಮ್ಮೆ ಕೇಳಿದರೆ ಪಾಪ್ ಹಾಡು ಬೇಕೇ ಬೇಡವೇ ಎಂಬುದನ್ನು ನೀವೇ ನಿರ್ಧರಿಸಬಹುದು.

ಉತ್ತರ 3

ರಸದ ಚರ್ಚೆಯ ನಡುವೆ ಸ್ವಲ್ಪ ಒಣ ವಿಷಯವನ್ನು ತರುತ್ತಿದ್ದೇನೆ, ಕ್ಷಮಿಸಿ. ನೀವೆಲ್ಲ ಎಣಿಸುತ್ತಿರುವ ಹೆಜ್ಜೆಯ ವೇಗ ನಿಜವಾದದ್ದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಮೂಕಿ ಕಾಲದಲ್ಲಿ ಕ್ಯಾಮೆರಾದ ಹಿಡಿಯನ್ನು ಕೈಯಿಂದ ತಿರುಗಿಸುತ್ತಿದ್ದುದರಿಂದ ಸೆಕೆಂಡಿಗೆ ಇಷ್ಟೇ ಚೌಕಟ್ಟುಗಳೆಂಬ ಕಟ್ಟುಪಾಡಿರಲಿಲ್ಲ. 16ರಿಂದ 24ರವರೆಗೆ, ಕೆಲವೊಮ್ಮೆ ಅದರಾಚೆಗೂ ಹೋಗುತ್ತಿತ್ತು. ಶಬ್ದ ಬಂದ ಮೇಲೆ 24 ಎಂದು ಸ್ಥಿರವಾಯಿತು. 18ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಚಲನೆಯ ವೇಗ ಮೂರನೆಯ ಒಂದು ಪಾಲಿನಷ್ಟು ಹೆಚ್ಚುತ್ತದೆ, ಹಳೆಯ ಚಿತ್ರಗಳಲ್ಲಿ ಜನ ಪುಟಪುಟನೆ ನಡೆಯುತ್ತಾರೆಂಬ ತಪ್ಪು ಕಲ್ಪನೆ ಹುಟ್ಟಿದ್ದೇ ಇದರಿಂದ. ಯೂಟ್ಯೂಬಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿದರೆ ಅಂಥ ಪ್ರತಿ ಸರಿಯಾಗಿ 18ಕ್ಕೆ ಬರುತ್ತದೆ. ಆದರೆ ಎಲ್ಲವನ್ನೂ ಹೀಗೆ ಇಳಿಸಬೇಡಿ: ಹಾಸ್ಯಚಿತ್ರಗಳಲ್ಲಿ ಓಟದ ದೃಶ್ಯ ಚುರುಕಾಗಿ ಕಾಣಲೆಂದು ಹಿಡಿಯನ್ನು ಬೇಕೆಂದೇ ನಿಧಾನವಾಗಿ ತಿರುಗಿಸುವ ಪದ್ಧತಿಯಿತ್ತು, ಪುನರುಜ್ಜೀವನಗೊಂಡ ಒಳ್ಳೆಯ ಪ್ರತಿಗಳಲ್ಲಿ ವೇಗವನ್ನು ಆಗಲೇ ಸರಿಪಡಿಸಿರುತ್ತಾರೆ. ಪರೀಕ್ಷಿಸುವಾಗ ಮನುಷ್ಯರನ್ನು ನೋಡಬೇಡಿ, ಅವರು ಅಭಿನಯಿಸುತ್ತಿರುತ್ತಾರೆ. ಸುರಿಯುವ ನೀರು, ಮೇಲೇಳುವ ಧೂಳು, ಗಾಳಿಗೆ ಹಾರುವ ಬಟ್ಟೆ ಇವನ್ನು ನೋಡಿ. ವೇಗ ನಿಶ್ಚಯವಾದ ಮೇಲೆ ಒಂದು ನಿಮಿಷದ ಹೆಜ್ಜೆಗಳನ್ನು ಎಣಿಸಿ, ಅದಕ್ಕೆ ಸರಿಹೋಗುವ, ಇಲ್ಲವೇ ಅದರ ಅರ್ಧದಷ್ಟು ಬಡಿತದ ಹಾಡನ್ನು ಹುಡುಕಿ.

ಇನ್ನೊಂದು ಮಾತು. ಇದನ್ನು ಮನೆಯಿಂದಾಚೆಗೆ, ಅಂತರ್ಜಾಲಕ್ಕೆ ಏರಿಸುವ ವಿಚಾರವಿದ್ದರೆ ಹಾಡಿನ ಹಕ್ಕುದಾರರ ಸ್ವಯಂಚಾಲಿತ ಪತ್ತೆ ವ್ಯವಸ್ಥೆ ಧ್ವನಿಯನ್ನೇ ಅಳಿಸಿಬಿಡಬಹುದು. 1925ರ ಚಿತ್ರ ಅಮೆರಿಕದಲ್ಲಿ ಹಕ್ಕುಸ್ವಾಮ್ಯದಿಂದ ಹೊರಬಂದಿದೆ. 2019ರ ಹಾಡು ಬಂದಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಮೊನ್ನೆ ರಾತ್ರಿ ಕುಳಿತು ಮೂರನ್ನೂ ಮತ್ತೆ ಮಾಡಿದೆ. ವಧುಗಳ ಓಟಕ್ಕೆ 'ಬ್ಲೈಂಡಿಂಗ್ ಲೈಟ್ಸ್' ಬಹುಮಟ್ಟಿಗೆ ಕೂತಿತು. ಬೀದಿಯಿಂದ ಬಯಲಿಗೆ ಬರುವೆಡೆ ಹೆಜ್ಜೆ ತಪ್ಪುತ್ತಿತ್ತು, ಅಲ್ಲಿ ನಾಲ್ಕು ಸೆಕೆಂಡು ಕತ್ತರಿಸಬೇಕಾಯಿತು. ಕೌಂಟೆಸ್ ಮುಖದ ಸುತ್ತ ಮಾಡಿದ ಸಂಕಲನ ನಾನು ಎಣಿಸಿದ್ದಕ್ಕಿಂತ ಬಹಳ ಚೆನ್ನಾಗಿ ಬಂದಿದೆ, ಆದರೆ ಅವಳ ತುಣುಕುಗಳು ಕಡಿಮೆ ಇರುವುದರಿಂದ ಹಾಡು ಅರ್ಧಕ್ಕೇ ಮುಗಿಯುತ್ತದೆ. ಫಾಲ್ಕೊನೆಟ್ಟಿ ವಿಷಯದಲ್ಲಿ ನನಗಿನ್ನೂ ಧೈರ್ಯ ಬಂದಿಲ್ಲ. ಹಾಡಿನೊಡನೆ ಒಮ್ಮೆ, ಶಬ್ದವಿಲ್ಲದೆ ಒಮ್ಮೆ ನೋಡಿದೆ, ಶಬ್ದವಿಲ್ಲದ್ದೇ ಹೆಚ್ಚು ಹೊತ್ತು ಕಾಡಿತು.

ಗೋಡೆ ಬೀಳುವ ದೃಶ್ಯವನ್ನು ಬಿಡಲು ಮನಸ್ಸಾಗದೆ ಒಂದು ಉಪಾಯ ಮಾಡಿದ್ದೇನೆ. ಗೋಡೆ ವಾಲತೊಡಗುವವರೆಗೆ ಹಾಡು ಇರುತ್ತದೆ, ಅಲ್ಲಿ ಥಟ್ಟನೆ ನಿಲ್ಲುತ್ತದೆ. ಕೀಟನ್ ಸುತ್ತ ನೋಡಿ ಓಡಲು ಕಾಲೆತ್ತಿದಾಗ ಮತ್ತೆ ಹಿಡಿದುಕೊಳ್ಳುತ್ತದೆ. ತಾಯಿಯವರಿಗೆ ತೋರಿಸಿದೆ. ಹಾಡು ನಿಂತಾಗ ಅವರು ತೆರೆಯನ್ನು ಬಿಟ್ಟು, ಕರೆಂಟು ಹೋಯಿತೇ ಎಂದು ಫ್ಯಾನಿನ ಕಡೆ ನೋಡಿದರು. ಗೋಡೆ ಬಿದ್ದದ್ದನ್ನು ಕಾಣಲೇ ಇಲ್ಲ. ಹಾಗಾಗಿ ಥಟ್ಟನೆ ನಿಲ್ಲಿಸುವುದರ ಬದಲು ಎರಡು ಸೆಕೆಂಡುಗಳಲ್ಲಿ ಧ್ವನಿಯನ್ನು ಇಳಿಸಿ ನೋಡುತ್ತಿದ್ದೇನೆ.