ಡ್ರಿಲ್ ರೈಫಲ್‌ನ ಟ್ರಿಗರ್: ಮೊದಲ ಎಳೆತವೇ ಸಿಗುತ್ತಿಲ್ಲ

ಶಿರಸಿಯ ಎನ್‌ಸಿಸಿ ಮೇಷ್ಟ್ರು:
ನಮ್ಮ ಕಾಲೇಜಿನಲ್ಲಿ ಕವಾಯತಿಗೆ ಕೊಟ್ಟ ಹಳೆಯ .303 ಲೀ-ಎನ್‌ಫೀಲ್ಡ್ ಇದೆ. ಇಶಾಪುರದ ತಯಾರಿಕೆ, ಡಿ.ಪಿ. (ಡ್ರಿಲ್ ಪರ್ಪಸ್, ಅಂದರೆ ಕವಾಯತಿಗೆ ಮಾತ್ರ) ಮುದ್ರೆ ಬಿದ್ದದ್ದು, ಗುಂಡು ಹಾರಿಸಲು ಬರುವುದಿಲ್ಲ. ಮಳೆಗಾಲ ಮುಗಿದ ಮೇಲೆ ಎನ್‌ಸಿಸಿ ಯೂನಿಟ್‌ನ ಒಪ್ಪಿಗೆ ಪಡೆದು ಬಿಚ್ಚಿ ತುಕ್ಕು ಒರೆಸಿದೆವು. ಮತ್ತೆ ಜೋಡಿಸಿದರೆ ಟ್ರಿಗರ್‌ನ ಎರಡು ಹಂತದ ಎಳೆತದಲ್ಲಿ ಮೊದಲ ಹಂತವೇ ಮಾಯ. ಬೆರಳು ತಾಗಿದರೆ ಸಾಕು, ಟಪ್ಪನೆ ಬಿಡುತ್ತದೆ. ಸಿಯರ್‌ನ (ಟ್ರಿಗರ್ ಎಳೆಯುವವರೆಗೆ ಹೊಡೆಯುವ ಭಾಗವನ್ನು ತಡೆಹಿಡಿಯುವ ಕೊಂಡಿ) ಸ್ಪ್ರಿಂಗ್ ಸೋತಿದೆಯೇ? ಹೊಸದು ಎಲ್ಲಿ ಸಿಗುತ್ತದೆ?

ಕುಮಟಾದ ವಕೀಲ:
ಬಿಡಿಭಾಗವನ್ನು ಪೇಟೆಯಲ್ಲಿ ಹುಡುಕಲು ಹೋಗಬೇಡಿ. ಡಿ.ಪಿ. ಆದರೂ ಅದು ಸರ್ಕಾರದ ಸ್ವತ್ತು. ಏನೇ ಬೇಕಿದ್ದರೂ ಯೂನಿಟ್ ಮೂಲಕವೇ ಕೇಳಿ.

ಕಾರವಾರದ ನಿವೃತ್ತ ಆರ್ಮರರ್:
ಸೇನೆಯಲ್ಲಿ ಬಂದೂಕು ರಿಪೇರಿಯೇ ನನ್ನ ಕೆಲಸವಾಗಿತ್ತು. ಮೇಷ್ಟ್ರೇ, ಮ್ಯಾಗಜೀನ್ (ಗುಂಡಿನ ಪೆಟ್ಟಿಗೆ) ಸರಿಯಾಗಿ ಕಚ್ಚಿಕೊಳ್ಳುತ್ತದೆಯೇ? ಹೌದಾದರೆ ಸ್ಪ್ರಿಂಗ್ ಮೇಲೆ ಗುಮಾನಿ ಬೇಡ. ಈ ಬಂದೂಕಿನಲ್ಲಿ ಸಿಯರ್‌ಗೂ ಮ್ಯಾಗಜೀನ್ ಕೊಂಡಿಗೂ ನಡುವೆ ಕೂರುವ ವಿ ಆಕಾರದ ಸ್ಪ್ರಿಂಗ್ ಒಂದೇ. ಅದು ಸೋತರೆ ಎರಡೂ ಕೈಕೊಡುತ್ತವೆ.

ನನ್ನ ಅನುಮಾನ ಮರದ ಮೇಲೆ. ಸಿಯರ್ ಇರುವುದು ಲೋಹದ ಬಾಡಿಯಲ್ಲಿ, ಟ್ರಿಗರ್ ತೂಗುವುದು ಅದನ್ನು ಸುತ್ತುವರಿದ ಕೆಳಗಿನ ಗಾರ್ಡ್‌ನಲ್ಲಿ. ನಡುವೆ ಮುಂಭಾಗದ ಮರ. ಟ್ರಿಗರ್ ನೆತ್ತಿಯ ಎರಡು ಉಬ್ಬುಗಳು ಒಂದಾದ ಮೇಲೊಂದು ಸಿಯರ್ ಒತ್ತಿದಾಗಲೇ ಎರಡು ಹಂತ ಬೆರಳಿಗೆ ತಿಳಿಯುವುದು. ಗಾರ್ಡ್ ಕೂದಲೆಳೆಯಷ್ಟು ಮೇಲೇರಿದರೂ ಮೊದಲ ಉಬ್ಬಿಗೆ ಕೆಲಸವಿಲ್ಲ. ಬ್ರಿಟಿಷರೇ ಈ ಕಾಟಕ್ಕೆ ಸೋತು, ಎರಡನೇ ಮಹಾಯುದ್ಧ ಮುಗಿದ ಮೇಲೆ ಇದೇ ಲೀ-ಎನ್‌ಫೀಲ್ಡ್‌ನ ನಂತರದ ಮಾದರಿಯಾದ ನಂ. 4 ಮಾರ್ಕ್ 2ರಲ್ಲಿ ಟ್ರಿಗರನ್ನು ನೇರ ಬಾಡಿಗೇ ತೂಗುಹಾಕಿದರು. ನಮ್ಮ ಘಟ್ಟದ ಮಳೆ ಕಂಡಿದ್ದರೆ ಮೊದಲೇ ಮಾಡುತ್ತಿದ್ದರೇನೋ!

ಗಾರ್ಡ್‌ನ ಮುಂದಿನ ಸ್ಕ್ರೂ ಬಿಚ್ಚಿ ಮರದ ತೂತನ್ನು ನೋಡಿ. ಒಳಗೆ ಉಕ್ಕಿನ ಪುಟ್ಟ ಬಳೆಯೊಂದು ಇರಲೇಬೇಕು. ಅದಿಲ್ಲದೆ ಸ್ಕ್ರೂ ಬಿಗಿದರೆ ಮರ ಜಜ್ಜಿ ಗಾರ್ಡ್ ಮೇಲೇರುತ್ತದೆ. ಸಿಯರ್ ತುದಿಗೆ ಮಾತ್ರ ಅರ ಮುಟ್ಟಿಸಬೇಡಿ. ಒಮ್ಮೆ ಉಜ್ಜಿದ ಉಕ್ಕು ಮರಳುವುದಿಲ್ಲ.

ಇನ್ನೊಂದು ಮಾತು: ಭುಜಕ್ಕೆ ಒತ್ತುವ ಹಿಂದಿನ ದಿಮ್ಮಿಯನ್ನು ಕಳಚುವುದಿದ್ದರೆ ಮೊದಲು ಮುಂದಿನ ಮರ ತೆಗೆಯಿರಿ. ದಿಮ್ಮಿಯನ್ನು ಹಿಡಿದಿರುವ ಸ್ಟಾಕ್ ಬೋಲ್ಟ್‌ನ ಚೌಕ ತುದಿ ಮುಂದಿನ ಮರದೊಳಗೆ ಸಿಕ್ಕಿಕೊಂಡಿರುತ್ತದೆ. ಹಾಗೆಯೇ ತಿರುಗಿಸಿದರೆ ಮರ ಸೀಳುತ್ತದೆ.

ಶಿರಸಿಯ ಎನ್‌ಸಿಸಿ ಮೇಷ್ಟ್ರು:
ಮ್ಯಾಗಜೀನ್ ಗಟ್ಟಿಯಾಗಿ ಕಚ್ಚುತ್ತದೆ. ಬಳೆ ಸೀಮೆಎಣ್ಣೆ ಡಬ್ಬಿಯ ತಳದಲ್ಲಿ ಸಿಕ್ಕಿತು. ಹಾಕಿದ ಮೇಲೆ ಎರಡು ಹಂತವೂ ಬಂದಿವೆ. ಮರಕ್ಕೆ ತೆಂಗಿನೆಣ್ಣೆ ಸವರಬಹುದೇ?

ಕಾರವಾರದ ನಿವೃತ್ತ ಆರ್ಮರರ್:
ಬೇಡ, ಅದು ಒಣಗುವುದಿಲ್ಲ, ಧೂಳು ಹಿಡಿಯುತ್ತದೆ. ಹಸಿ ಅಗಸೆ ಎಣ್ಣೆಯನ್ನು ತೆಳ್ಳಗೆ ಉಜ್ಜಿ. ಸ್ಕ್ರೂ ತೂತಿನ ಒಳಗೋಡೆಗೂ ಹಚ್ಚಿ, ನೀರು ಹೀರುವುದು ಅಲ್ಲಿಂದಲೇ.