ಶಾಲೆಯ ವಾರ್ಷಿಕ ಸಂಚಿಕೆಗೆ 40 ಸಾವಿರದೊಳಗೆ ಯಾವ ಕ್ಯಾಮೆರಾ?

ಪ್ರಶ್ನೆ (ಹೈಸ್ಕೂಲ್ ಟೀಚರ್, ತೀರ್ಥಹಳ್ಳಿ ಕಡೆ):
ನಮಸ್ಕಾರ ಸರ್. ಈ ಸಲ ನಮ್ಮ ಶಾಲೆಯ ವಾರ್ಷಿಕ ಸಂಚಿಕೆ ತರೋಣ ಎಂದು ಹೊರಟಿದ್ದೇವೆ. ಒಂಬತ್ತನೇ ಕ್ಲಾಸಿನ ಆರು ಮಕ್ಕಳು ಫೋಟೋ ತಂಡದಲ್ಲಿದ್ದಾರೆ. ಹಳೇ ವಿದ್ಯಾರ್ಥಿಗಳು ಕ್ಯಾಮೆರಾಕ್ಕೆಂದೇ 40 ಸಾವಿರ ಕೊಟ್ಟಿದ್ದಾರೆ. ಮಕ್ಕಳಿಗೆ ಆನ್‌ಲೈನಿನಲ್ಲಿ ಕಂಡ ‘48 ಮೆಗಾಪಿಕ್ಸೆಲ್, 4ಕೆ’ ಕ್ಯಾಮೆರಾ ಮೇಲೆ ಕಣ್ಣು. ಒಂದಕ್ಕೆ ಆರು ಸಾವಿರ, ಆರು ಜನಕ್ಕೂ ಒಂದೊಂದು ಬರುತ್ತದಲ್ಲ ಮಿಸ್ ಅನ್ನುತ್ತಾರೆ. ನಮ್ಮ ಪಿ.ಟಿ. ಮೇಷ್ಟ್ರು ದೊಡ್ಡದು ಹೊಸದು ಒಂದೇ ಸಾಕು ಅನ್ನುತ್ತಾರೆ. ನನಗೆ ಇದರಲ್ಲಿ ಏನೂ ಗೊತ್ತಿಲ್ಲ. ಆಟೋಟ, ಗ್ರೂಪ್ ಫೋಟೋ, ಸ್ಕೂಲ್ ಡೇ ಸ್ಟೇಜು, ಕ್ಲಾಸಿನ ಒಳಗೆ, ಇಷ್ಟು ತೆಗೆಯಬೇಕು.

ಉತ್ತರ (ಸ್ಟುಡಿಯೋ ಫೋಟೋಗ್ರಾಫರ್, ಸಾಗರ):
ಮೇಡಂ, ಮೊದಲು ಆ ಆರು ಸಾವಿರದ್ದನ್ನು ಮರೆತುಬಿಡಿ. ಅಂಥದ್ದರ ಒಳಗೆ ಇರುವುದು ಫೋನಿನಲ್ಲಿರುವಷ್ಟೇ ಪುಟ್ಟ ಸೆನ್ಸರ್ (ಬೆಳಕನ್ನು ಹಿಡಿದು ಚಿತ್ರ ಮಾಡುವ ಭಾಗ), ಎಷ್ಟೋ ಸಲ ಅದಕ್ಕಿಂತ ಕಳಪೆ. ಅದು ತೆಗೆದ ಚಿತ್ರವನ್ನೇ ಸಾಫ್ಟ್‌ವೇರ್ ಹಿಗ್ಗಿಸಿ 48 ಅನ್ನುತ್ತದೆ. ಹಿಟ್ಟಿಗೆ ನೀರು ಸುರಿದು ದೋಸೆ ಜಾಸ್ತಿ ಮಾಡಿದ ಹಾಗೆ. ನಿಮ್ಮ ಕೈಯಲ್ಲಿರುವ ಫೋನೇ ಅದಕ್ಕಿಂತ ಚೆನ್ನಾಗಿ ತೆಗೆಯುತ್ತದೆ.

ಒಂದು ವಿಷಯ ಹೇಳಿ. ಸಂಚಿಕೆ ಯಾವ ಅಳತೆ? ಬಣ್ಣದ ಪುಟ ಎಷ್ಟು? ಅದು ಗೊತ್ತಾದರೆ ಕ್ಯಾಮೆರಾ ಹೇಳುವುದು ಸುಲಭ.

ಟೀಚರ್:
ಎ4 ಅಳತೆ, 64 ಪುಟ ಸರ್. ನಡುವೆ 8 ಪುಟ ಆರ್ಟ್ ಪೇಪರಿನಲ್ಲಿ ಬಣ್ಣದ್ದು. ಉಳಿದದ್ದೆಲ್ಲ ಕಪ್ಪು ಬಿಳುಪು.

ಉತ್ತರ:
ಹಾಗಾದರೆ ಲೆಕ್ಕ ನೋಡಿ. ಒಳ್ಳೆಯ ಅಚ್ಚಿಗೆ ಒಂದು ಇಂಚಿಗೆ 300 ಪಿಕ್ಸೆಲ್ ಬೇಕು. ಎ4 ಪುಟ ತುಂಬಾ ಒಂದೇ ಫೋಟೋ ಹಾಕಿದರೂ 2480 × 3508 ಪಿಕ್ಸೆಲ್, ಅಂದರೆ 8.7 ಮೆಗಾಪಿಕ್ಸೆಲ್ ಆಯಿತು. ನೀವು ಪುಟಕ್ಕೆ ನಾಲ್ಕು ಫೋಟೋ ಹಾಕುವವರು. 18 ಮೆಗಾಪಿಕ್ಸೆಲ್‌ನ ಹಳೇ ಕ್ಯಾಮೆರಾ ಇದಕ್ಕೆ ಧಾರಾಳ.

ಅದಕ್ಕೇ ನನ್ನ ಸಲಹೆ ಹೊಸದು ಬೇಡ. ಸೆಕೆಂಡ್ ಹ್ಯಾಂಡ್ ಕ್ಯಾನನ್ 1300ಡಿ ತಗೊಳ್ಳಿ. 2016ರ ಮಾಡೆಲ್, 18 ಮೆಗಾಪಿಕ್ಸೆಲ್. 18-55 ಲೆನ್ಸ್ ಸಮೇತ ನಮ್ಮ ಕಡೆ 14 ಸಾವಿರದ ಆಸುಪಾಸು ಸಿಗುತ್ತದೆ. 2018ರ 1500ಡಿ ಸಿಕ್ಕರೂ ಒಳ್ಳೆಯದೇ, 24 ಮೆಗಾಪಿಕ್ಸೆಲ್. ಆದರೆ ನಿಮ್ಮ ಪುಟಕ್ಕೆ ಆ ಹೆಚ್ಚಿನ ಆರು ಕಾಣುವುದಿಲ್ಲ. ಜೊತೆಗೆ ಆಟೋಟಕ್ಕೆ 55-250 ಲೆನ್ಸ್, ಸ್ಟೇಜಿಗೆ 50 ಎಂಎಂ ಎಫ್ 1.8 ಲೆನ್ಸ್. ಎಂಎಂ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದಾಗಿ ತೆರೆಯುತ್ತದೆ.

ಟೀಚರ್:
ಆರು ಮಕ್ಕಳಿಗೆ ಒಂದೇನಾ ಸರ್? ಜಗಳ ಬಿಡಿಸುವುದೇ ನನ್ನ ಕೆಲಸ ಆಗುತ್ತದೆ.

ಉತ್ತರ:
ಅದು ನನಗೆ ಹೊಳೆದಿರಲಿಲ್ಲ ಮೇಡಂ. ನಾನು ಒಬ್ಬನೇ ತೆಗೆಯುವವನು ನೋಡಿ! ನಿಮ್ಮ ಫೀಲ್ಡ್ ಎಷ್ಟು ದೊಡ್ಡದು? ಕ್ರಿಕೆಟ್, ಫುಟ್‌ಬಾಲ್ ಉಂಟಾ?

ಟೀಚರ್:
ಗುಡ್ಡ ತಗ್ಗಿಸಿ ಮಾಡಿದ ಪುಟ್ಟ ಜಾಗ. ಕಬಡ್ಡಿ, ಖೋ ಖೋ, ವಾಲಿಬಾಲ್ ಅಷ್ಟೇ.

ಉತ್ತರ:
ಹಾಗಿದ್ದರೆ 55-250 ಕೈಬಿಡೋಣ. ಕಬಡ್ಡಿ ಅಂಕಣದ ಉದ್ದ 13 ಮೀಟರಿಗಿಂತ ಜಾಸ್ತಿ ಇರುವುದಿಲ್ಲ. ಗೆರೆಯಿಂದ ನಾಲ್ಕು ಹೆಜ್ಜೆ ಹಿಂದೆ ನೆಲಕ್ಕೆ ಕೂತರೆ 55 ಎಂಎಂ ಸಾಕು. ಆ ದುಡ್ಡು ಸೇರಿಸಿ ಎರಡನೇ 1300ಡಿ ತಗೊಳ್ಳಿ. ಎರಡಕ್ಕೆ 28 ಸಾವಿರ, ಹಳೇ 50 ಎಂಎಂ ಒಂದಕ್ಕೆ ಐದಾರು ಸಾವಿರ. ಉಳಿದದ್ದರಲ್ಲಿ 32 ಜಿಬಿ ಕಾರ್ಡು ನಾಲ್ಕು, ಹೆಚ್ಚಿಗೆ ಬ್ಯಾಟರಿ ಎರಡು. ಒಂದೇ ಮಾಡೆಲ್ ಆದರೆ ಬ್ಯಾಟರಿ, ಚಾರ್ಜರ್, ಲೆನ್ಸ್ ಎಲ್ಲ ಅದಲು ಬದಲು ಮಾಡಬಹುದು. ಒಂದು ಕ್ಯಾನನ್ ಒಂದು ನಿಕಾನ್ ಮಾತ್ರ ಬೇಡ. ಕಾರ್ಯಕ್ರಮದ ದಿನ ತಲೆ ಕೆಡುತ್ತದೆ.

50 ಎಂಎಂ ಮೇಲೆ ನನಗೆ ಯಾಕೆ ಇಷ್ಟು ಹಟ ಅಂದರೆ, 18-55 ಲೆನ್ಸನ್ನು 55ಕ್ಕೆ ತಿರುಗಿಸಿದಾಗ ಅದು ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಎಫ್ 1.8 ಅದರ ಒಂಬತ್ತು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಮಳೆಗಾಲದ ಮಧ್ಯಾಹ್ನ, ಹೆಂಚಿನ ಮಾಡಿನ ಕ್ಲಾಸ್‌ರೂಮಿನಲ್ಲಿ ಇದೇ ನಿಮ್ಮನ್ನು ಕಾಪಾಡುವುದು. ಫ್ಲ್ಯಾಷ್ ಹೊಡೆದರೆ ಮುಂದಿನ ಬೆಂಚಿನವರು ಸುಣ್ಣ ಬಳಿದ ಹಾಗೆ, ಹಿಂದಿನವರು ಕತ್ತಲು.

ಸ್ಟೇಜಿಗೆ ಒಂದು ಕಿವಿಮಾತು. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಫೋಟೋದಲ್ಲಿ ಅಡ್ಡ ಪಟ್ಟಿ ಬರುತ್ತದೆ. ಶಟರ್, ಅಂದರೆ ಬೆಳಕು ಒಳಗೆ ಬಿಡುವ ಪರದೆ, ತೆರೆದಿರುವ ಸಮಯವನ್ನು ಸೆಕೆಂಡಿನ 1/100ಕ್ಕೆ ಇಟ್ಟರೆ ಬಹುಮಟ್ಟಿಗೆ ಹೋಗುತ್ತದೆ. ಕಬಡ್ಡಿಗೆ ಹೊರಗಿನ ಬೆಳಕಿನಲ್ಲಿ 1/500. ಈ ಕ್ಯಾಮೆರಾ ಸೆಕೆಂಡಿಗೆ ಮೂರೇ ಫೋಟೋ ತೆಗೆಯುವುದು. ಸುಮ್ನೆ ಬಟನ್ ಒತ್ತಿ ಹಿಡಿದರೆ ಹಿಡಿತ ತಪ್ಪಿದ ಮೇಲಿನದ್ದೇ ಸಿಗುತ್ತದೆ. ಆಟ ಗೊತ್ತಿರುವ ಮಗುವಿನ ಕೈಗೆ ಕೊಡಿ.

ಇನ್ನೊಬ್ಬರು (ಪ್ರಿಂಟಿಂಗ್ ಪ್ರೆಸ್, ಶಿವಮೊಗ್ಗ):
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಬೇಡಿ. ಎಂಥ ಕ್ಯಾಮೆರಾ ತಂದರೂ ಕೊನೆಗೆ ನಮಗೆ ಫೋಟೋ ಬರುವುದು ವಾಟ್ಸಾಪಿನಲ್ಲಿ! ಅದು ಸಾಮಾನ್ಯವಾಗಿ ಉದ್ದದ ಬದಿಯನ್ನು 1600 ಪಿಕ್ಸೆಲ್ ಆಸುಪಾಸಿಗೆ ಇಳಿಸುತ್ತದೆ. ಅಚ್ಚಿನಲ್ಲಿ ಅದು ಐದು ಇಂಚು ಚಿಲ್ಲರೆ. ‘ಡಾಕ್ಯುಮೆಂಟ್’ ಎಂದು ಕಳಿಸಿ, ಇಲ್ಲ ಪೆನ್ ಡ್ರೈವಿನಲ್ಲಿ ಕೊಡಿ. ವರ್ಡ್ ಫೈಲಿನೊಳಗೆ ಅಂಟಿಸಿ ಕೊಡಬೇಡಿ. ಕಪ್ಪು ಬಿಳುಪು ಪುಟಗಳು ಮ್ಯಾಪ್‌ಲಿಥೋ ಕಾಗದ (ಹೊಳಪಿನ ಲೇಪನ ಇಲ್ಲದ ಮಾಮೂಲಿ ಕಾಗದ) ಆದರೆ ಶಾಯಿ ಹರಡಿ ಫೋಟೋ ಕಪ್ಪಾಗುತ್ತದೆ. ಕಂಪ್ಯೂಟರಿನಲ್ಲಿ ಸ್ವಲ್ಪ ಬೆಳ್ಳಗೆ ಕಾಣುವ ಹಾಗೆ ಮಾಡಿಕೊಡಿ.

ಉತ್ತರ:
ಸರಿಯಾಗಿ ಹೇಳಿದಿರಿ ಸರ್. ಅದಕ್ಕೇ ಸೇರಿಸುತ್ತೇನೆ. ನಿಮ್ಮ ಮಕ್ಕಳ ಯೂನಿಫಾರಂ ಬಿಳಿ ಶರ್ಟ್ ಅಲ್ವಾ ಮೇಡಂ? ಫ್ರೇಮಿನ ತುಂಬ ಬಿಳಿ ಇದ್ದರೆ ಕ್ಯಾಮೆರಾ ಬೆಳಕು ಜಾಸ್ತಿ ಆಯಿತು ಎಂದುಕೊಂಡು ಎಲ್ಲವನ್ನೂ ಮಬ್ಬು ಮಾಡುತ್ತದೆ. ಮುಖಗಳು ಕಪ್ಪಾಗುತ್ತವೆ, ಅಚ್ಚಿನಲ್ಲಿ ಇನ್ನೂ ಕಪ್ಪು. ಪ್ಲಸ್ ಮೈನಸ್ ಗುರುತಿನ ಬಟನ್ ಇದೆಯಲ್ಲ, ಅದನ್ನು ಒಂದೆರಡು ಗೀಟು ಪ್ಲಸ್ ಕಡೆ ತನ್ನಿ. ಗ್ರೂಪ್ ಫೋಟೋ ಬಿಸಿಲಿನಲ್ಲಿ ಬೇಡ, ಕಟ್ಟಡದ ನೆರಳಿಗೆ ಬೆಂಚು ಹಾಕಿ. ಹತ್ತಿರ ನಿಂತು 18 ಎಂಎಂನಲ್ಲಿ ತೆಗೆದರೆ ತುದಿಯಲ್ಲಿ ಕೂತವರು ಅಗಲ ಕಾಣುತ್ತಾರೆ. ಸಾಮಾನ್ಯವಾಗಿ ತುದಿಯಲ್ಲಿ ಟೀಚರುಗಳೇ ಇರುತ್ತಾರೆ, ಆಮೇಲೆ ಬೈಗುಳ ನಿಮಗೆ. ಹಿಂದೆ ಹೋಗಿ 35ರಲ್ಲಿ ತೆಗೆಯಿರಿ, ಎಫ್ 8.

ಟೀಚರ್:
ಹಳೇದು ತಗೊಳ್ಳುವಾಗ ಏನು ನೋಡಬೇಕು ಸರ್? ನಮ್ಮ ಕಡೆ ಮಳೆ ಬೇರೆ.

ಉತ್ತರ:
ಮಳೆಯೇ ಮುಖ್ಯ ವಿಷಯ. ಲೆನ್ಸ್ ಬಿಚ್ಚಿ ಒಂದು ಕಡೆಯಿಂದ ಫೋನಿನ ಟಾರ್ಚ್ ಬಿಡಿ, ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಒಳಗೆ ಜೇಡರ ಬಲೆಯ ಹಾಗೆ ಎಳೆ ಕಂಡರೆ ಫಂಗಸ್. ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. 18-55 ಲೆನ್ಸಿನ ಮೇಲೆ ‘ಐಎಸ್’ ಎಂಬ ಎರಡಕ್ಷರ ಇರಲಿ, ಕೈ ನಡುಕ ತಡೆಯುವ ವ್ಯವಸ್ಥೆ ಅದು. ಎಫ್ 22ರಲ್ಲಿ ಬಿಳಿ ಗೋಡೆ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ಧೂಳು, ಅದು ಕ್ಲೀನ್ ಆಗುತ್ತದೆ, ಹೆದರಬೇಡಿ. ಕಾರ್ಡು ಕೂರುವ ಜಾಗದ ಪಿನ್ನುಗಳು ನೆಟ್ಟಗಿವೆಯಾ ನೋಡಿ. ಶಟರ್ ಎಷ್ಟು ಸಲ ಬಡಿದಿದೆ ಎಂಬುದು ಈ ಮಾಡೆಲ್‌ನ ಫೋಟೋ ಫೈಲಿನಲ್ಲಿ ದಾಖಲಾಗುವುದಿಲ್ಲ. ಅಂಗಡಿಯವರೇ ಕಂಪ್ಯೂಟರಿಗೆ ಹಾಕಿ ತೋರಿಸಲಿ. ಬಿಲ್ ಕೇಳಿ ಪಡೆಯಿರಿ, ನಿಮ್ಮ ಲೆಕ್ಕಕ್ಕೂ ಬೇಕಲ್ಲ.

ಇಡುವ ಜಾಗ ಸ್ಟಾಫ್ ರೂಮಿನ ಬೀರು ಅಲ್ಲ. ನಾನು ಒಂದು ಮಳೆಗಾಲ ಪೂರ್ತಿ ಲೆನ್ಸನ್ನು ಅದರ ಬ್ಯಾಗಿನಲ್ಲೇ ಬಿಟ್ಟಿದ್ದೆ. ನವರಾತ್ರಿಗೆ ತೆಗೆದರೆ ಒಳಗೆ ಬಿಳಿ ಹೂವು ಅರಳಿತ್ತು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಅಕ್ಕಿ ಹಾಕಬೇಡಿ, ಅದರ ಹುಡಿ ಇನ್ನೊಂದು ತಲೆನೋವು.

ಟೀಚರ್ (ಎರಡು ವಾರದ ನಂತರ):
ಎರಡು 1300ಡಿ, ಒಂದು 50 ಎಂಎಂ ಬಂತು ಸರ್. ಎರಡಕ್ಕೆ 27 ಸಾವಿರವಾಯಿತು. ಮೊದಲ ದಿನವೇ ಮಕ್ಕಳು ಬಿಸಿಯೂಟದ ಸಾಲನ್ನು 412 ಫೋಟೋ ತೆಗೆದಿದ್ದಾರೆ. ಇನ್ನು ಆಯುವವರು ಯಾರು! ಇನ್ನೊಂದು ಪ್ರಶ್ನೆ. ಮಕ್ಕಳು ಕ್ಯಾಮೆರಾ ಮನೆಗೆ ಕೊಡಿ ಅನ್ನುತ್ತಿದ್ದಾರೆ, ಕೊಡಬಹುದಾ?

ಉತ್ತರ:
ಕ್ಯಾಮೆರಾ ಬೇಕಾದರೆ ಶನಿವಾರ ಕೊಡಿ ಮೇಡಂ, ಕೈ ಪಳಗುತ್ತದೆ. ಆದರೆ ಖಾಲಿ ಕಾರ್ಡು ಹಾಕಿ ಕೊಡಿ. ಶಾಲೆಯಲ್ಲಿ ತೆಗೆದ ಕಾರ್ಡು ನಿಮ್ಮ ಡ್ರಾಯರಿನಿಂದ ಆಚೆ ಹೋಗುವುದು ಬೇಡ, ಅದರಲ್ಲಿರುವುದು ಬೇರೆಯವರ ಮನೆ ಮಕ್ಕಳ ಮುಖ. ಆ 412ರಲ್ಲಿ ಹತ್ತು ಆರಿಸಿ ಇಲ್ಲಿ ಹಾಕಿ, ಡಾಕ್ಯುಮೆಂಟ್ ಆಗಿ. ನೋಡಿ ಹೇಳುತ್ತೇನೆ.