ಏಳನೇ ತರಗತಿ ಎಸ್‌ಎ-2: ಮೂರು ವಾರದಲ್ಲಿ ಆರು ವಿಷಯದ ಪುನರಾವರ್ತನೆ ಹೇಗೆ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಮಗಳು ರಾಜ್ಯ ಪಠ್ಯಕ್ರಮದ ಏಳನೇ ತರಗತಿ, ಕನ್ನಡ ಮಾಧ್ಯಮ. ವಾರ್ಷಿಕ ಪರೀಕ್ಷೆಗೆ, ಅಂದರೆ ಎಸ್‌ಎ-2ಗೆ (ಸಂಕಲನಾತ್ಮಕ ಮೌಲ್ಯಮಾಪನ), ಮೂರು ವಾರ ಉಳಿದಿದೆ. ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜ ಎಲ್ಲಾ ಸೇರಿ ದಿನಕ್ಕೆ ಸಿಗೋದು ಸಂಜೆಯ ಎರಡು ಗಂಟೆ. ಗೈಡ್‌ನ ಪ್ರಶ್ನೋತ್ತರ ಬಾಯಿಪಾಠ ಮಾಡ್ತಾಳೆ, ತಪ್ಪಿಲ್ಲದೆ ಒಪ್ಪಿಸ್ತಾಳೆ. ಅದೇ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಮಾತ್ರ ಉತ್ತರದ ಜಾಗ ಖಾಲಿ. ಬೇರೆ ಅಭ್ಯಾಸ ಪುಸ್ತಕ ಕೊಳ್ಳಬೇಕಾ? ಸಮಯ ಹೇಗೆ ಹಂಚಬೇಕು? ಪಾಠ ಮಾಡುವವರು ವಿಷಯವಾರು ಹೇಳಿದರೆ ಉಪಕಾರವಾಗುತ್ತದೆ.

ಕಪ್ಪುಹಲಗೆ:

ಮೇಡಂ, ಹೊಸ ಪುಸ್ತಕ ಬೇಡ. ಪಠ್ಯಪುಸ್ತಕ, ಈ ವರ್ಷ ತಿದ್ದಿ ಕೊಟ್ಟ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಕಿರುಪರೀಕ್ಷೆ) ಮತ್ತು ಎಸ್‌ಎ-1 ಉತ್ತರ ಪತ್ರಿಕೆಗಳು, ಒಂದು ಇನ್ನೂರು ಪುಟದ ನೋಟ್‌ಬುಕ್, ಒಂದು ಕೆಂಪು ಪೆನ್ನು ಇದ್ದರೆ ಸಾಕು. ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ ಸಾಮಗ್ರಿ ಉಚಿತವಾಗಿಯೇ ತೆರೆದುಕೊಳ್ಳುತ್ತದೆ.

ಮೊದಲ ಸಂಜೆ ಓದಿಸಬೇಡಿ. ಹಳೆಯ ಉತ್ತರ ಪತ್ರಿಕೆ ಹರಡಿಕೊಂಡು, ಅಂಕ ಹೋದ ಪ್ರತಿ ಜಾಗದ ಪಕ್ಕ ಮಗಳ ಕೈಯಲ್ಲೇ ಕಾರಣ ಬರೆಸಿ: ಗೊತ್ತೇ ಇರಲಿಲ್ಲ, ಗೊತ್ತಿದ್ದೂ ತಪ್ಪಾಯಿತು, ಪ್ರಶ್ನೆ ಸರಿಯಾಗಿ ಓದಲಿಲ್ಲ. ಮೊದಲನೆಯದಕ್ಕೆ ಪಾಠ ಮತ್ತೆ ಓದಬೇಕು, ಎರಡನೆಯದಕ್ಕೆ ಅದೇ ಬಗೆಯ ಹತ್ತು ಲೆಕ್ಕ ಮಾಡಬೇಕು, ಮೂರನೆಯದಕ್ಕೆ ಪ್ರಶ್ನೆಯಲ್ಲಿ ಏನು ಕೇಳಿದ್ದಾರೋ ಆ ಪದಕ್ಕೆ ಗೆರೆ ಎಳೆಯುವ ರೂಢಿ ಬೇಕು. ಮೂರಕ್ಕೂ "ಇನ್ನೊಂದು ಸಲ ಓದು" ಅಂದರೆ ಸಮಯ ಹಾಳು.

ಎರಡು ಗಂಟೆಯಲ್ಲಿ ಗಣಿತಕ್ಕೆ ದಿನವೂ 40 ನಿಮಿಷ, ವಿಜ್ಞಾನ ಅಥವಾ ಸಮಾಜ ದಿನ ಬಿಟ್ಟು ದಿನ 40, ಒಂದು ಭಾಷೆಗೆ 30, ಕೊನೆಯ 10 ನಿಮಿಷ ನಿನ್ನೆ ತಪ್ಪಿದ್ದಕ್ಕೆ ಮಾತ್ರ. ಪಾಠ ಓದುವಾಗ ಹದಿನೈದು ನಿಮಿಷ ಓದಿ ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಸ್ವಂತ ಮಾತಲ್ಲಿ ಬರೆಯಲಿ. ಆಮೇಲೆ ಪುಸ್ತಕ ತೆರೆದು ಬಿಟ್ಟದ್ದನ್ನು ಕೆಂಪಿನಲ್ಲಿ ಸೇರಿಸಲಿ. ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ನೋಡಬೇಕಾದ್ದು ಆ ಕೆಂಪು ಸಾಲುಗಳನ್ನು. ಒಪ್ಪಿಸುವಾಗ ಹಿಂದಿನ ವಾಕ್ಯವೇ ಮುಂದಿನದನ್ನು ಎಳೆದು ತರುತ್ತದೆ. ಪ್ರಶ್ನೆ ಬದಲಾದಾಗ ಆ ಎಳೆ ಕಡಿದುಹೋಗುತ್ತದೆ, ಅದಕ್ಕೇ ಖಾಲಿ ಬಿಡುವುದು.

ಇನ್ನು ಗಣಿತ. ಈ ವಯಸ್ಸಿನಲ್ಲಿ ತಪ್ಪುಗಳು ಬೆರಳೆಣಿಕೆಯ ಜಾಗಗಳಲ್ಲೇ ಬರುತ್ತವೆ. "ಮೈನಸ್ ಮೈನಸ್ ಪ್ಲಸ್" ಎಂಬುದನ್ನು ಎಲ್ಲ ಕಡೆ ಹಾಕಿ −4 − 3 = 7 ಎಂದು ಬರೆಯುತ್ತಾರೆ. ಅದು −7. ಆ ಮಾತು ಸಲ್ಲುವುದು (−4) × (−3) = 12 ಎಂಬಂಥ ಗುಣಾಕಾರಕ್ಕೆ, ಮತ್ತು −4 − (−3) ರಂತೆ ಕಳೆಯುವ ಸಂಖ್ಯೆಯೇ ಋಣವಾಗಿದ್ದಾಗ. ಇಲ್ಲಿ ಉತ್ತರ −1. ಈ ಮೂರನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಮಾಡಿಸಿ, ಸಂಖ್ಯಾರೇಖೆಯ ಮೇಲೆ ಹೆಜ್ಜೆ ಎಣಿಸಿ ತೋರಿಸಿ. ಬರೀ ನಿಯಮ ಹೇಳಿದರೆ ನಿಲ್ಲದು.

ಭಿನ್ನರಾಶಿ ಭಾಗಾಕಾರದಲ್ಲಿ ತಲೆಕೆಳಗಾಗಬೇಕಾದ್ದು ಎರಡನೆಯದು: 3/4 ÷ 1/2 ಅಂದರೆ 3/4 × 2, ಉತ್ತರ 3/2. ದಶಮಾಂಶದಲ್ಲಿ 0.3 × 0.2 ಕ್ಕೆ 0.6 ಬರೆಯುವವರೇ ಹೆಚ್ಚು, ಸರಿ ಉತ್ತರ 0.06. ಶೇಕಡಾ ಲಾಭವನ್ನು ಯಾವಾಗಲೂ ಕೊಂಡ ಬೆಲೆಯ ಮೇಲೆ ಲೆಕ್ಕ ಹಾಕಬೇಕು. 200 ರೂಪಾಯಿಗೆ ಕೊಂಡು 250ಕ್ಕೆ ಮಾರಿದರೆ ಲಾಭ ಶೇ 25. ಮಾರಿದ ಬೆಲೆಯಿಂದ ಭಾಗಿಸಿದವರಿಗೆ 20 ಬರುತ್ತದೆ. ಸರಳಬಡ್ಡಿಯಲ್ಲಿ ತಿಂಗಳನ್ನು ವರ್ಷ ಮಾಡಲು ಮರೆಯುತ್ತಾರೆ: 5,000 ರೂ., ಶೇ 8, ಒಂಬತ್ತು ತಿಂಗಳು ಅಂದಾಗ ಕಾಲ 9/12, ಬಡ್ಡಿ 300. ನೇರವಾಗಿ 9 ಹಾಕಿದರೆ 3,600 ಬಂದು ಕೂರುತ್ತದೆ. ಐದು ಸಾವಿರಕ್ಕೆ ವರ್ಷವೂ ತುಂಬದೆ ಅಷ್ಟು ಬಡ್ಡಿಯೇ ಅಂತ ಕೇಳಿಕೊಳ್ಳುವ ಅಭ್ಯಾಸ ಮಾಡಿಸಿ, ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ವೃತ್ತದಲ್ಲಿ ವ್ಯಾಸ 14 ಸೆಂ.ಮೀ. ಕೊಟ್ಟರೆ ತ್ರಿಜ್ಯ 7, ವಿಸ್ತೀರ್ಣ 154 ಚದರ ಸೆಂ.ಮೀ. ವ್ಯಾಸವನ್ನೇ ಸೂತ್ರಕ್ಕೆ ಹಾಕಿದವರು 616 ಬರೆಯುತ್ತಾರೆ.

ಸಮೀಕರಣದ ಉತ್ತರವನ್ನು ಮೂಲ ಸಮೀಕರಣಕ್ಕೆ ಹಾಕಿ ತಾಳೆ ನೋಡದೆ ಮುಂದಿನ ಲೆಕ್ಕಕ್ಕೆ ಹೋಗಬಾರದು.

ಸುಣ್ಣದತಿಳಿ:

ಗೈಡನ್ನು ಪೂರ್ತಿ ಎಸೆಯಬೇಡಿ, ಬರೆದಾದ ಮೇಲೆ ಉತ್ತರ ತಾಳೆ ನೋಡಲು ಬರುತ್ತದೆ. ಬರೆಯುವ ಮೊದಲು ಮಾತ್ರ ಕೈಗೆ ಕೊಡಬೇಡಿ.

ವಿಜ್ಞಾನದಲ್ಲಿ ತಿರುಗಿಸಿ ಕೇಳುವುದು ಹೇಗಿರುತ್ತದೆ ನೋಡಿ. ಇರುವೆ ಕಚ್ಚಿದ ಜಾಗಕ್ಕೆ ಅಡುಗೆ ಸೋಡಾ ಏಕೆ ಹಚ್ಚುತ್ತಾರೆ? ಹೊಟ್ಟೆಯಲ್ಲಿ ಆಮ್ಲ ಹೆಚ್ಚಾದರೆ ಮಿಲ್ಕ್ ಆಫ್ ಮೆಗ್ನೀಷಿಯಾ ಏಕೆ? ಆಮ್ಲೀಯ ಮಣ್ಣಿಗೆ ಸುಣ್ಣ ಏಕೆ? ಮೂರಕ್ಕೂ ಬೇಕಾದ್ದು ತಟಸ್ಥೀಕರಣ ಒಂದೇ, ಅಂದರೆ ಆಮ್ಲ ಮತ್ತು ಪ್ರತ್ಯಾಮ್ಲ ಸೇರಿ ಒಂದರ ಗುಣವನ್ನು ಇನ್ನೊಂದು ಕಳೆಯುವುದು. "ಯಾವ ಆಮ್ಲ, ಯಾವ ಪ್ರತ್ಯಾಮ್ಲ, ಕೊನೆಗೆ ಲವಣ ಮತ್ತು ನೀರು" ಎಂಬ ಚೌಕಟ್ಟಿನಲ್ಲಿ ಉತ್ತರ ಬರೆಯುವುದನ್ನು ಕಲಿತ ಮಗುವಿಗೆ ನಾಲ್ಕನೇ ಪ್ರಶ್ನೆ ಬಂದರೂ ಕೈ ಓಡುತ್ತದೆ.

ಆಮ್ಲ, ಪ್ರತ್ಯಾಮ್ಲಗಳನ್ನು ಬಣ್ಣ ಬದಲಿಸಿ ತೋರಿಸುವ ಸೂಚಕಗಳನ್ನು ಅಡುಗೆಮನೆಯಲ್ಲೇ ಮಾಡಿಸಿ. ಅರಿಸಿನದ ನೀರು ಬಳಿದು ಒಣಗಿಸಿದ ಕಾಗದದ ಮೇಲೆ ಒಂದೊಂದು ಹನಿ ನಿಂಬೆರಸ, ಸಕ್ಕರೆ ನೀರು, ಸೋಪಿನ ನೀರು. ಸೋಪಿನ ಹನಿ ಬಿದ್ದಲ್ಲಿ ಮಾತ್ರ ಕೆಂಪಾಗುತ್ತದೆ, ಉಳಿದೆರಡರಲ್ಲಿ ಹಳದಿಯೇ. ಅಂದರೆ ಅರಿಸಿನ ಪ್ರತ್ಯಾಮ್ಲವನ್ನು ತೋರಿಸುತ್ತದೆ, ಆಮ್ಲಕ್ಕೂ ತಟಸ್ಥಕ್ಕೂ ವ್ಯತ್ಯಾಸ ಹೇಳಲಾರದು. ದಾಸವಾಳದ ರಸ ಆಮ್ಲದಲ್ಲಿ ಗಾಢ ಗುಲಾಬಿ, ಪ್ರತ್ಯಾಮ್ಲದಲ್ಲಿ ಹಸಿರು. ಲಿಟ್ಮಸ್ ಬಗ್ಗೆ ಬರೆಯುವಾಗ ಯಾವ ಬಣ್ಣದಿಂದ ಯಾವ ಬಣ್ಣಕ್ಕೆ ಎಂದು ಎರಡನ್ನೂ ಹೇಳಬೇಕು: ಆಮ್ಲ ನೀಲಿಯನ್ನು ಕೆಂಪು ಮಾಡುತ್ತದೆ. "ಕೆಂಪಾಗುತ್ತದೆ" ಎಂದಷ್ಟೇ ಬರೆದರೆ ಉತ್ತರ ಅರ್ಧ.

ಉಷ್ಣದ ಪಾಠದಲ್ಲಿ ಎರಡು ತಾಪಮಾಪಕಗಳು ಕಲಸಿಹೋಗುತ್ತವೆ. ವೈದ್ಯಕೀಯದ್ದು 35ರಿಂದ 42 ಡಿಗ್ರಿ ಸೆಲ್ಸಿಯಸ್, ಪ್ರಯೋಗಾಲಯದ್ದು ಸಾಮಾನ್ಯವಾಗಿ −10ರಿಂದ 110. ಕುದಿಯುವ ನೀರಿಗೆ ವೈದ್ಯಕೀಯ ತಾಪಮಾಪಕ ಏಕೆ ಬಳಸಬಾರದು ಎಂಬ ಪ್ರಶ್ನೆಗೆ ಈ ಅಂಕಿಗಳೇ ಉತ್ತರ. ಚಿತ್ರಗಳಲ್ಲಿ ವಿದ್ಯುತ್ ಮಂಡಲ ಅಭ್ಯಾಸ ಮಾಡಿಸಿ: ವಿದ್ಯುತ್ ಕೋಶದ ಉದ್ದ ಗೆರೆ ಧನ, ಗಿಡ್ಡ ಗೆರೆ ಋಣ. ಸ್ಕೇಲು ಬಿಟ್ಟು ಕೈಯಲ್ಲಿ ಎಳೆದು ಎಲ್ಲೋ ಒಂದು ಕಡೆ ತಂತಿ ಕೂಡದೆ ಉಳಿದರೆ ಮಂಡಲವೇ ತಪ್ಪಾಗುತ್ತದೆ.

ಅಕ್ಷರಪ್ರೀತಿ:

ಕನ್ನಡ ವ್ಯಾಕರಣದಲ್ಲಿ ಮಕ್ಕಳು ಎಡವುವುದು ಯಣ್ ಸಂಧಿ ಮತ್ತು ಯಕಾರಾಗಮದ ನಡುವೆ. ಎರಡರಲ್ಲೂ ಯ ಕಾಣಿಸುತ್ತದಲ್ಲ. ಗಿರಿ + ಅನ್ನು = ಗಿರಿಯನ್ನು ಎಂಬಲ್ಲಿ "ರಿ"ಯ ಇಕಾರ ಹಾಗೇ ಉಳಿದು ಯ ಹೊಸದಾಗಿ ಬಂದಿದೆ, ಅದು ಆಗಮ. ಅತಿ + ಅಂತ = ಅತ್ಯಂತ ಎಂಬಲ್ಲಿ ಇಕಾರ ಹೋಗಿ ಅದರ ಜಾಗಕ್ಕೇ ಯ್ ಬಂದಿದೆ, ಅದು ಯಣ್. ಬಿಡಿಸಿದ ಮೇಲೆ ಮೊದಲ ಪದದ ಕೊನೆಯ ಸ್ವರ ಉಳಿಯಿತೇ ಹೋಯಿತೇ ಎಂದು ಬೆರಳಿಟ್ಟು ನೋಡಲಿ. ಊರು + ಅಲ್ಲಿ = ಊರಲ್ಲಿ (ಲೋಪ: ಉಕಾರ ಹೋಯಿತು), ಮಳೆ + ಕಾಲ = ಮಳೆಗಾಲ (ಆದೇಶ: ಸ್ವರ ಉಳಿದು ಕ ಜಾಗಕ್ಕೆ ಗ ಬಂತು) ಕೂಡ ಅದೇ ಪರೀಕ್ಷೆಯಲ್ಲಿ ಬೇರೆಯಾಗುತ್ತವೆ.

ಕಾಗುಣಿತಕ್ಕೆ ದಿನಾ ಐದು ಸಾಲು ಉಕ್ತಲೇಖನ ಕೊಡಿ. "ವಿಧ್ಯಾರ್ಥಿ", "ಹಾರ್ಧಿಕ" ಎಂಬ ತಪ್ಪುಗಳು ಓದುವುದರಿಂದ ಹೋಗುವುದಿಲ್ಲ, ಬರೆದು ತಿದ್ದಿಕೊಂಡಾಗಲೇ ಹೋಗುತ್ತವೆ.

ಹಿಂದಿಯಲ್ಲಿ ಹ್ರಸ್ವ ಇಕಾರದ ಮಾತ್ರೆ ಅಕ್ಷರದ ಎಡಕ್ಕೆ, ದೀರ್ಘದ್ದು ಬಲಕ್ಕೆ. ನಿರ್ಜೀವ ವಸ್ತುಗಳಿಗೂ ಲಿಂಗ ಇರುವುದರಿಂದ ಪದವನ್ನು ಒಂಟಿಯಾಗಿ ಕಲಿಸದೆ "ಮೇರೀ ಕಿತಾಬ್", "ಮೇರಾ ಘರ್" ಎಂದು ಜೋಡಿಯಾಗಿ ಕಲಿಸಿ. ಇಂಗ್ಲಿಷ್‌ನಲ್ಲಿ "ಡಿಡ್ ನಾಟ್ ವೆಂಟ್" ತಪ್ಪನ್ನು ಹುಡುಕಿ ತಿದ್ದಿಸಿ: ಡಿಡ್ ಬಂದ ಮೇಲೆ ಕ್ರಿಯಾಪದ ಮೂಲರೂಪಕ್ಕೆ ಮರಳುತ್ತದೆ.

ತುಂಗಾತೀರ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ತುಂಬಾ ಧನ್ಯವಾದ. ಸಮಾಜದಲ್ಲಿ ಇಸವಿ ಮತ್ತು ನಕ್ಷೆ ಎರಡೂ ಕಷ್ಟ. ಇನ್ನೊಂದು, ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ (ವಿದ್ಯಾರ್ಥಿವೇತನದ ಪರೀಕ್ಷೆ) ಬರೆಸಬೇಕು ಅಂತಿದೆ, ಅದಕ್ಕೆ ಈಗಿನ ಅಂಕ ಬೇಕಾಗುತ್ತಾ?

ಭೂಪಟ:

ಬೇಕು ಅಕ್ಕ. ಎನ್‌ಎಂಎಂಎಸ್ ಬರೆಯಲು ಏಳನೇ ತರಗತಿಯಲ್ಲಿ ಕನಿಷ್ಠ ಶೇ 55 ಅಂಕ ಇರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 5 ರಿಯಾಯಿತಿ ಇದೆ. ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆಯಲ್ಲಿ ಓದುತ್ತಿರಬೇಕು, ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂ. ಅದರ ಒಂದು ಪತ್ರಿಕೆ ವಿಜ್ಞಾನ, ಸಮಾಜ, ಗಣಿತದ್ದೇ. ಹಾಗಾಗಿ ಈಗ ಬರೆಯುವ ಕೆಂಪು ಸಾಲಿನ ನೋಟ್‌ಬುಕ್ಕನ್ನು ರದ್ದಿಗೆ ಹಾಕಬೇಡಿ.

ಇಸವಿಗಳನ್ನು ಪಟ್ಟಿಯಾಗಿ ಉರು ಹೊಡೆಸಿದರೆ ಅದಲುಬದಲಾಗುತ್ತವೆ. ಕಾರಣದ ಸರಪಳಿ ಮಾಡಿಸಿ. 1453ರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದರು, ಯುರೋಪಿನವರು ಸಮುದ್ರದ ದಾರಿ ಹುಡುಕಿದರು, 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ, 1600ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು, 1757ರಲ್ಲಿ ಪ್ಲಾಸಿ ಕದನ, 1764ರಲ್ಲಿ ಬಕ್ಸಾರ್ ಕದನ. ಎರಡು ಇಸವಿಗಳ ನಡುವೆ "ಆದ್ದರಿಂದ" ಎಂದು ಹೇಳಿ ಒಂದು ವಾಕ್ಯ ಸೇರಿಸಲಿ. ಜೋಡಿಯಾಗಿ ಗೊಂದಲ ಮಾಡುವವನ್ನು ಜೋಡಿಯಾಗಿಯೇ ಬರೆಸಿ: ಸಂವಿಧಾನ ಅಂಗೀಕಾರ 1949 ನವೆಂಬರ್ 26, ಜಾರಿ 1950 ಜನವರಿ 26. ರಾಜ್ಯದ ಏಕೀಕರಣ 1956, ಕರ್ನಾಟಕ ಎಂಬ ಹೆಸರು 1973.

ನಕ್ಷೆಗೆ ಖಾಲಿ ಔಟ್‌ಲೈನ್ ಮ್ಯಾಪ್‌ಗಳು ಬೇಕು, ಖಂಡಕ್ಕೆ ನಾಲ್ಕರಂತೆ. ಮೊದಲು ಪೆನ್ಸಿಲ್‌ನಲ್ಲಿ ಅಕ್ಷಾಂಶ ಎಳೆಯಲಿ: ಸಮಭಾಜಕ ವೃತ್ತ ದಕ್ಷಿಣ ಅಮೆರಿಕದ ಉತ್ತರ ಭಾಗದಲ್ಲಿ ಅಮೆಜಾನ್ ನದಿಯ ಮುಖದ ಬಳಿ ಹಾಯುತ್ತದೆ, ಮಕರ ಸಂಕ್ರಾಂತಿ ವೃತ್ತ ಆಸ್ಟ್ರೇಲಿಯಾದ ಮಧ್ಯದಲ್ಲಿ. ಆಮೇಲೆ ಪರ್ವತ, ಕೊನೆಗೆ ನದಿ, ಏಕೆಂದರೆ ನದಿ ಎತ್ತರದಿಂದ ಇಳಿಯುತ್ತದೆ. ಆಂಡಿಸ್ ಪಶ್ಚಿಮ ಕರಾವಳಿಗೆ ಅಂಟಿಕೊಂಡಿದೆ ಎಂದು ಗುರುತಿಸಿದವರು ಅಮೆಜಾನನ್ನು ಪಶ್ಚಿಮಕ್ಕೆ ಹರಿಸುವ ತಪ್ಪು ಮಾಡುವುದಿಲ್ಲ. ಉತ್ತರ ಅಮೆರಿಕದಲ್ಲಿ ಪಶ್ಚಿಮಕ್ಕೆ ರಾಕಿ, ಪೂರ್ವಕ್ಕೆ ಅಪಲಾಚಿಯನ್, ನಡುವೆ ಮಿಸಿಸಿಪಿ ದಕ್ಷಿಣಕ್ಕೆ ಹರಿದು ಮೆಕ್ಸಿಕೋ ಕೊಲ್ಲಿ ಸೇರುತ್ತದೆ. ಗ್ರೇಟ್ ಬ್ಯಾರಿಯರ್ ರೀಫ್ ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯಾಚೆ ಸಮುದ್ರದಲ್ಲಿದೆ, ನೆಲದ ಮೇಲೆ ಗುರುತಿಸಿದರೆ ಅಂಕವಿಲ್ಲ. ಹೆಸರುಗಳನ್ನು ಅಡ್ಡಸಾಲಿನಲ್ಲಿ, ಚೂಪಾದ ಪೆನ್ಸಿಲ್‌ನಲ್ಲಿ ಬರೆಯಲಿ. ಜಾಗ ಸಾಲದಿದ್ದರೆ ಬಾಣ ಎಳೆದು ಹೊರಗೆ ಬರೆಯಬಹುದು.